ಯಾರೂ ಊದದ ಹದಿನಾರು ಬಾರು

ಊಟದ ಮೇಜಿನ ನಟ್ಟನಡುವೆ ಟ್ರೋಫಿ ಕೂತಿತ್ತು. ಅದಕ್ಕೆ ಜಾಗ ಬಿಟ್ಟುಕೊಟ್ಟು ಮನೆಯವರೆಲ್ಲ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದರೇ ಹೊರತು ಅದನ್ನು ಎತ್ತಿ ಪಕ್ಕಕ್ಕಿಡುವ ಮಾತನ್ನು ಒಬ್ಬರೂ ಆಡಲಿಲ್ಲ. ಹತ್ತೊಂಬತ್ತು ವರ್ಷ! ಕಾಗದ ಗಿರಣಿಯ ಹಿತ್ತಾಳೆ ಬ್ಯಾಂಡು ಹತ್ತೊಂಬತ್ತು ವರ್ಷ ಸ್ಪರ್ಧೆಗೆ ಹೋಗಿ ಹೋಗಿ ಬರಿಗೈಯಲ್ಲಿ ವಾಪಸು ಬಂದಿತ್ತು. ಈ ಸಲವೂ ಹಾಗೇ ಬಂದರೆ ಅಭ್ಯಾಸದ ಕೋಣೆಯನ್ನು ಕಾಗದದ ಹೊರೆ ತುಂಬಲು ತೆಗೆದುಕೊಳ್ಳುತ್ತೇನೆಂದು ಗಿರಣಿ ಯಜಮಾನ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಅಂಥಾದ್ದರಲ್ಲಿ ಮೊದಲ ಬಹುಮಾನ ಬಂದಿತ್ತು, ಅದೂ ಈ ಮನೆಯ ಸೊಸೆ ಬ್ಯಾಂಡಿನ ಮೇಷ್ಟ್ರಾಗಿ, ತಾಳ ತೋರಿಸುವ ಕೋಲು ಹಿಡಿದ ಎರಡನೇ ವರ್ಷಕ್ಕೇ. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ಅತ್ತೆ ಕೂಡ ಆ ಸಂಜೆ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದರು.

ಸೊಸೆ ಮಾತ್ರ ಅದನ್ನು ಮುಟ್ಟದೆ ಕೂತಿದ್ದಳು. ಅವಳ ಕೋಟಿನ ಜೇಬಿನಲ್ಲಿ ತೀರ್ಪುಗಾರರ ಟಿಪ್ಪಣಿ ಚೀಟಿ ಇತ್ತು. ಬಸ್ಸಿನಲ್ಲಿ ಬರುವಾಗ ಬ್ಯಾಂಡಿನವರೆಲ್ಲ ಕಿರುಚಿ ಕುಣಿಯುತ್ತಿದ್ದಾಗ ಅವಳು ಲಕೋಟೆ ಒಡೆದು ಅದನ್ನು ಓದಿಕೊಂಡಿದ್ದಳು. ಓದಿದ ಮೇಲೆ ನಗುವವರ ಜೊತೆ ಸೇರಿ ನಗುವುದಕ್ಕೇ ಆಗಿರಲಿಲ್ಲ. ಆ ಚೀಟಿ ಬರೆದವರು ಈಗ ಅವಳ ಎದುರಿಗೇ ಕೂತು ಅನ್ನ ಕಲೆಸುತ್ತಿದ್ದರು. ಅವರು ಅವಳ ಮಾವ.

ಈ ಸ್ಪರ್ಧೆಗಳ ಪದ್ಧತಿ ಗೊತ್ತಿಲ್ಲದವರಿಗೆ ಇದು ವಿಚಿತ್ರವೆನ್ನಿಸಬಹುದು. ಸಭಾಂಗಣದ ಮಧ್ಯದಲ್ಲಿ ದಪ್ಪ ಬಟ್ಟೆ ಹೊದಿಸಿದ ಮರದ ಪೆಟ್ಟಿಗೆಯೊಂದಿರುತ್ತದೆ, ಒಬ್ಬರು ಕೂತು ಬರೆಯುವಷ್ಟು ದೊಡ್ಡದು. ಬೆಳಿಗ್ಗೆ ಒಬ್ಬ ಬ್ಯಾಂಡಿನವನೂ ಬರುವ ಮೊದಲೇ ತೀರ್ಪುಗಾರರನ್ನು ಅದರೊಳಗೆ ಕೂರಿಸಿಬಿಡುತ್ತಾರೆ. ಆಮೇಲೆ ಹೊರಗೆ ಚೀಟಿ ಎತ್ತಿ ಯಾವ ಬ್ಯಾಂಡು ಯಾವಾಗ ನುಡಿಸಬೇಕೆಂದು ತೀರ್ಮಾನವಾಗುತ್ತದೆ. ಒಳಗಿರುವವರಿಗೆ ಕಾಣುವುದು ಕೈಯಲ್ಲಿರುವ ಸ್ಕೋರು, ಅಂದರೆ ಕೃತಿಯ ಸ್ವರಗಳನ್ನು ಬರೆದ ಪುಸ್ತಕ, ಮಾತ್ರ. ತಾವು ಸಿದ್ಧವಾದಾಗ ಅವರು ಒಂದು ಸೀಟಿ ಊದುತ್ತಾರೆ, ಹೊರಗೆ ಬ್ಯಾಂಡು ಶುರುವಾಗುತ್ತದೆ. ಎಲ್ಲರೂ ನುಡಿಸುವುದು ಒಂದೇ ಕೃತಿ. ನುಡಿಸುತ್ತಿರುವುದು ಅಣ್ಣನೋ ತಮ್ಮನೋ ಒಳಗಿರುವವರಿಗೆ ಗೊತ್ತಾಗುವುದಿಲ್ಲವಾದ್ದರಿಂದ ಸ್ಪರ್ಧೆ ನಡೆಸುವ ಸಂಘದವರು ನೆಂಟಸ್ತನಕ್ಕೆ ಅಡ್ಡಿ ಹೇಳಿರಲಿಲ್ಲ. ಸ್ಪರ್ಧೆಗೆ ಮೊದಲು ಒಂದು ತಿಂಗಳು ನೆಂಟರಿಬ್ಬರೂ ಸಂಗೀತದ ಮಾತೆತ್ತಬಾರದು, ಅಷ್ಟೇ. ಆ ತಿಂಗಳು ಈ ಮನೆಯಲ್ಲಿ ಮಾವ ಸೊಸೆ ಹವಾಮಾನದ ಬಗ್ಗೆ ಎಷ್ಟು ಮಾತಾಡಿದ್ದರೆಂದರೆ ಇಬ್ಬರಿಗೂ ಮೋಡ ಕಂಡರೆ ಬೇಸರ ಬರುವಂತಾಗಿತ್ತು.

ಮಾವ ಹದಿನೈದು ವರ್ಷ ಇದೇ ಬ್ಯಾಂಡಿನ ಮೇಷ್ಟ್ರಾಗಿದ್ದವರು. ಆ ಬಳಿಕ ಊರೂರಿಗೆ ತೀರ್ಪುಗಾರರಾಗಿ ಹೋಗುತ್ತಿದ್ದರು, ಇದು ಇಪ್ಪತ್ತೈದನೇ ವರ್ಷ. ಅದರ ಗೌರವಕ್ಕೆಂದೇ ಸಂಘದವರು ಈ ಸಲ ಅವರೇ ಹರೆಯದಲ್ಲಿ ರಚಿಸಿದ್ದ ಕೃತಿಯನ್ನು ಸ್ಪರ್ಧೆಗೆ ಇಟ್ಟಿದ್ದರು. ಅದರ ಮಧ್ಯದಲ್ಲಿ, ಇಡೀ ಬ್ಯಾಂಡು ದನಿ ತಗ್ಗಿಸಿ ನಿಂತಾಗ, ಸಣ್ಣ ಕಾರ್ನೆಟ್ಟು ಎಂಬ ತುತ್ತೂರಿಯೊಂದೇ ಮೇಲಿನ ಸ್ವರಗಳಲ್ಲಿ ಮೆಲ್ಲಗೆ, ಮೆಲ್ಲಗೆ ನಡೆಯುವ ಹದಿನಾರು ಬಾರುಗಳಿವೆ, ಬಾರೆಂದರೆ ತಾಳದ ಒಂದು ಸುತ್ತು. ಚೀಟಿಯಲ್ಲಿ ಮಾವ ಅದರ ಬಗ್ಗೆ ಹೀಗೆ ಬರೆದಿದ್ದರು: ‘ಸಣ್ಣ ಕಾರ್ನೆಟ್ಟಿನ ಹದಿನಾರು ಬಾರು ಇವತ್ತಿನ ಎಂಟೂ ಬ್ಯಾಂಡುಗಳಲ್ಲಿ ಅತ್ಯುತ್ತಮ. ಕಣ್ಣು ತುಂಬಿ ಬಂತು.’

ಆ ಹದಿನಾರು ಬಾರನ್ನು ಅವತ್ತು ಯಾರೂ ಊದಿರಲೇ ಇಲ್ಲ!

ಊದಬೇಕಾದವನು ದರ್ಜಿ. ಬ್ಯಾಂಡಿನಲ್ಲಿ ಎಲ್ಲರೂ ಅವನನ್ನು ಸೂಜಿ ಎಂದೇ ಕರೆಯುತ್ತಿದ್ದರು. ಸರಿಯಾಗಿ ಆ ಜಾಗಕ್ಕೆ ಬಂದಾಗ ಅವನ ಕಾರ್ನೆಟ್ಟಿನಲ್ಲಿ ಬೆರಳಿನಿಂದ ಒತ್ತುವ ಎರಡನೇ ಪಿಸ್ಟನ್ನಿನ ಸ್ಪ್ರಿಂಗು ಮುರಿದು, ಒತ್ತಿದ ಪಿಸ್ಟನ್ನು ಮೇಲೇಳದೆ ಕೂತುಬಿಟ್ಟಿತ್ತು. ಸೂಜಿ ಬಿಳಿಚಿಕೊಂಡು ಅವಳ ಮುಖ ನೋಡಿದ. ಅವಳು ಕೋಲು ನಿಲ್ಲಿಸಲಿಲ್ಲ. ಕೆಳಗಿನ ಹಾರ್ನುಗಳು ಮಾತ್ರ ತಮ್ಮ ಪಾಡಿಗೆ ತಾವು ಗುಂಯ್‌ಗುಟ್ಟುತ್ತಿದ್ದವು, ಮೇಲೆ ಏನೂ ಇರಲಿಲ್ಲ. ಉಳಿದದ್ದನ್ನು ಅವನು ಪಿಸ್ಟನ್ನನ್ನು ಉಗುರಲ್ಲಿ ಎಳೆದೆಳೆದು ಹೇಗೋ ಮುಗಿಸಿದ. ಇಡೀ ಸಭಾಂಗಣಕ್ಕೆ ಅದು ಗೊತ್ತಿತ್ತು. ಫಲಿತಾಂಶ ಬಂದಾಗ, ದೊಡ್ಡ ಮೇಷ್ಟ್ರು, ಅಂದರೆ ಮಾವ, ದೊಡ್ಡ ಮನಸ್ಸು ಮಾಡಿ ಅದನ್ನು ಕ್ಷಮಿಸಿರಬೇಕು ಎಂದುಕೊಂಡರು ಜನ. ಒಂದೇ ಒಂದು ಅಂಕದಲ್ಲಿ ಎರಡನೆಯವರಾದ ರೈಲ್ವೆ ಬ್ಯಾಂಡಿನ ಮೇಷ್ಟ್ರು ಮಾತ್ರ, ಮಾವನ ಕೈಕೆಳಗೇ ಕಲಿತವನು, ತಲೆ ತಗ್ಗಿಸಿ ಹೊರಟುಹೋದ. ಆ ಸ್ಪ್ರಿಂಗು ಹಾಕಿಕೊಟ್ಟವಳೂ ಸೊಸೆಯೇ. ಮನೆಯ ಮುಂದಿನ ಕೋಣೆಯಲ್ಲಿ ಅವಳದು ವಾದ್ಯ ರಿಪೇರಿಯ ಅಂಗಡಿ. ಹೊಸದು ಬರುವುದು ತಡವಾಯಿತೆಂದು ಹಳೆಯದನ್ನೇ ಹಿಗ್ಗಿಸಿ ಕೂರಿಸಿದ್ದಳು.

ಗಂಡ ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದಪ್ಪ ದನಿಯ ದೊಡ್ಡ ಬಾಸು ಊದುವವನು. ಮನುಷ್ಯನೂ ಹಾಗೇ, ಗಾತ್ರ ದೊಡ್ಡದು, ಮಾತು ಕಡಿಮೆ. ಮರುದಿನ ಅವನಿಗೆ ಚೀಟಿ ತೋರಿಸಿದಳು. ಅವನು ಎರಡು ಸಲ ಓದಿ, ಮಡಿಚಿ ವಾಪಸು ಕೊಟ್ಟ. ಅಪ್ಪ ಗಡಿಬಿಡಿಯಲ್ಲಿ ಬೇರೆ ಯಾವುದೋ ಬ್ಯಾಂಡಿನದನ್ನು ಇದರಲ್ಲಿ ಬರೆದಿರಬೇಕು, ಕೆದಕಬೇಡ, ಕೋಣೆ ಉಳೀತಲ್ಲ ಅಂದ. ಅದನ್ನು ನಂಬಲು ಅವಳಿಗೂ ಮನಸ್ಸಿತ್ತು. ಆದರೆ ಚೀಟಿಯ ಉಳಿದ ಮಾತುಗಳೆಲ್ಲ ಕರಾರುವಾಕ್ಕಾಗಿ ಅವಳ ಬ್ಯಾಂಡಿನದ್ದೇ. ಎರಡನೇ ಹಾರ್ನು ಮೂವತ್ತನೇ ಬಾರಿನಲ್ಲಿ ಕೂದಲೆಳೆಯಷ್ಟು ಇಳಿದದ್ದನ್ನೂ ಮಾವ ಹಿಡಿದಿದ್ದರು.

ಆ ವಾರವೆಲ್ಲ ಅವಳ ಕಣ್ಣು ಮಾವನ ಮೇಲೇ ಇತ್ತು. ಕರೆಗಂಟೆ ಬಾರಿಸಿದರೆ ಮಾವ ಏಳುವುದಿಲ್ಲ, ಅತ್ತೆಯೇ ಓಡುತ್ತಾರೆ. ಕುಕ್ಕರಿನ ಸೀಟಿಗೆ ಮಾವ ತಲೆ ಎತ್ತುವುದಿಲ್ಲ, ಬೀದಿಯಲ್ಲಿ ಲಾರಿ ಹೋದರೆ ಮಾತ್ರ ಥಟ್ಟನೆ ನೋಡುತ್ತಾರೆ. ಪಕ್ಕದ ಮನೆಯ ಹುಡುಗಿ ಬಂದು ಏನಾದರೂ ಕೇಳಿದರೆ ಅತ್ತೆ ಅದನ್ನೇ ಇನ್ನೊಮ್ಮೆ ತಮ್ಮ ದಪ್ಪ ದನಿಯಲ್ಲಿ ಹೇಳುತ್ತಾರೆ. ಅತ್ತೆಯ ಆ ದನಿ! ಸೊಸೆ ಮದುವೆಯಾಗಿ ಬಂದಾಗ ಅವರ ದನಿ ತೆಳ್ಳಗಿತ್ತು. ಈ ಮೂರು ನಾಲ್ಕು ವರ್ಷದಲ್ಲಿ ಅದು ಗಡಸಾಗಿ, ಟೀ ಬೇಕಾ ಅಂತ ಕೇಳಿದರೂ ಜಗಳಕ್ಕೆ ಕರೆದಂತೆ ಕೇಳುತ್ತಿತ್ತು. ತನ್ನ ಮೇಲಿನ ಸಿಟ್ಟಿಗೇ ಹೀಗೆ ಗದರುತ್ತಾರೆಂದುಕೊಂಡು ಅವಳು ಎಷ್ಟೋ ಸಲ ಅಂಗಡಿಯಲ್ಲಿ ಒಬ್ಬಳೇ ಕೂತು ಅತ್ತದ್ದುಂಟು.

ಅಷ್ಟರಲ್ಲಿ ಇನ್ನೊಂದು ಪತ್ರ ಬಂತು. ಎಲ್ಲ ಊರುಗಳ ಗೆದ್ದ ಬ್ಯಾಂಡುಗಳು ಸೇರುವ ದೊಡ್ಡ ಸ್ಪರ್ಧೆಗೆ ಮಾವನೇ ಏಕೈಕ ತೀರ್ಪುಗಾರರಾಗಬೇಕೆಂದು ಕೋರಿಕೆ, ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕು. ಮಾವ ಆ ಪತ್ರವನ್ನು ಕನ್ನಡಿಗೆ ಸಿಕ್ಕಿಸಿದ್ದರು. ದಿನಾ ಗಡ್ಡ ಹೆರೆಯುವಾಗ ಅದನ್ನು ಓದಿಕೊಂಡು ಒಳಗೊಳಗೇ ನಗುತ್ತಿದ್ದರು.

ಗುರುವಾರ ಮಧ್ಯಾಹ್ನ ಸೂಜಿಯ ಕಾರ್ನೆಟ್ಟಿಗೆ ಹೊಸ ಸ್ಪ್ರಿಂಗು ಬಂತು. ಮಾವ ಅಂಗಡಿಯ ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ಮುಂದಿನ ಸ್ಪರ್ಧೆಯ ಸ್ಕೋರು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವಳು ಅವರ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ಪಿಸ್ಟನ್ನಿಗೆ ಎಣ್ಣೆ ಹಾಕಿ ಕೂರಿಸಿ, ಕಾರ್ನೆಟ್ಟಿನ ಬಾಯಿಗೆ ಸದ್ದು ಕುಗ್ಗಿಸುವ ಮ್ಯೂಟ್ ತುರುಕಿ, ಕೈಗೆ ಮೊದಲು ಬಂದದ್ದನ್ನೇ ಊದಿ ನೋಡಿದಳು. ಬಂದದ್ದು ಆ ಹದಿನಾರು ಬಾರೇ. ಕೃತಿಯಲ್ಲಿ ಹೇಳಿದಷ್ಟೇ ಮೆಲ್ಲಗೆ ಊದಿ ಮುಗಿಸಿ ಕಾರ್ನೆಟ್ಟು ಇಳಿಸಿದಳು.

ಮಾವ ಪುಟ ಮಗುಚುತ್ತ, ತಿರುಗದೆಯೇ ಕೇಳಿದರು. “ರಿಪೇರಿ ಆಯ್ತಲ್ಲಮ್ಮ? ಸುಮ್ನೆ ಯಾಕೆ ನಿಂತಿದ್ದೀಯ... ಒಂದ್ಸಲ ಊದಿ ನೋಡು.”

ಅವಳು ಕಾರ್ನೆಟ್ಟನ್ನು ಮೇಜಿನ ಮೇಲಿಟ್ಟಳು. ಬಾಗಿಲ ಕಡೆ ನೋಡಿದರೆ ಅಲ್ಲಿ ಅತ್ತೆ, ಕೈಯಲ್ಲಿ ಟೀ ಲೋಟ ಹಿಡಿದು ಕಲ್ಲಾಗಿ ನಿಂತಿದ್ದರು. ಕಣ್ಣಲ್ಲೇ ಸೊಸೆಯನ್ನು ಒಳಗೆ ಕರೆದರು.

ಅಡುಗೆಮನೆಯ ಬಾಗಿಲು ಹಾಕಿಕೊಂಡ ಮೇಲೆ ಅತ್ತೆಯ ಬಾಯಿಂದ ಬಂದದ್ದು ಅವಳು ಮರೆತೇಹೋಗಿದ್ದ ಆ ಹಳೆಯ ತೆಳ್ಳನೆಯ ದನಿ. ಮೂರೂವರೆ ವರ್ಷದಿಂದ ಅವರಿಗೆ ತೆಳ್ಳನೆಯ ದನಿ ಕೇಳಿಸುವುದಿಲ್ಲ ಅಂದರು. ಮೊದಲು ಹೋದದ್ದು ಹಕ್ಕಿಗಳ ದನಿ, ಆಮೇಲೆ ಹುಡುಗಿಯರದು, ಆಮೇಲೆ ಹೆಂಡತಿಯದು. ಹಾಗಂತ ಅವರು ಒಪ್ಪಿಕೊಂಡಿಲ್ಲ, ಅವರಿಗದು ಪೂರ್ತಿ ಗೊತ್ತೂ ಇಲ್ಲ. ಈಗಿನ ಜನ ಗೊಣಗಿಕೊಂಡು ಮಾತಾಡುತ್ತಾರೆ ಎಂದು ಬಯ್ಯುತ್ತಾರೆ ಅಷ್ಟೇ. ದಪ್ಪ ದನಿಯಲ್ಲಿ ಆಡಿದರೆ ಅವರಿಗೆ ತಿಳಿಯುತ್ತದೆಂದು ಕಂಡುಕೊಂಡು ತಾನು ದನಿ ಬದಲಿಸಿಕೊಂಡೆ ಎಂದರು. ಸೊಸೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೂರೂವರೆ ವರ್ಷ ತಾನು ಯಾವುದನ್ನು ಸಿಟ್ಟೆಂದುಕೊಂಡಿದ್ದಳೋ ಅದು ಇದು!

“ಇಲ್ದೇ ಇರೋದನ್ನ ಹೊಗಳಿದ್ದಾರೆ ಅತ್ತೆ,” ಎಂದು ಅವಳು ಚೀಟಿ ಮುಂದಿಟ್ಟಳು. “ನಾವು ಊದೇ ಇಲ್ಲ ಅದನ್ನ.”

ಅತ್ತೆ ಚೀಟಿ ಓದಿದರು. ಟೀ ಲೋಟ ಕಟ್ಟೆಯ ಮೇಲಿಟ್ಟು ಇನ್ನೊಮ್ಮೆ ಓದಿದರು.

“ಆ ಹದಿನಾರು ಬಾರು ಬರೆದಿದ್ದು ನನಗೆ,” ಎಂದರು. “ಆಗ ಬ್ಯಾಂಡಲ್ಲಿ ಸಣ್ಣ ಕಾರ್ನೆಟ್ ಊದ್ತಾ ಇದ್ದೋಳು ನಾನು. ನಿನ್ ಗಂಡ ಹುಟ್ಟಿದ್ಮೇಲೆ ಬಿಟ್ಟೆ, ಆಮೇಲೆ ಹಲ್ಲೂ ಹೋಯ್ತು. ಪೆಟ್ಟಿಗೆ ಒಳಗೆ ಕೂತು ಅವರು ಕೇಳಿಸ್ಕೊಂಡಿದ್ದು ಸೂಜಿಯದಲ್ಲ ಕಣೇ... ನನ್ನದು.”

  ಅತ್ತೆ ಚೀಟಿಯನ್ನು ಒಲೆಯ ಹತ್ತಿರ ಹಿಡಿದರು, ಆದರೆ ಸುಡಲು ಕೈ ಬರಲಿಲ್ಲ. ಅವರ ಬಗ್ಗೆ ಬಂದ ಹೊಗಳಿಕೆಯಲ್ಲವೇ ಅದು, ಅದೂ ನಲವತ್ತು ವರ್ಷ ತಡವಾಗಿ. ಕೊನೆಗೆ ವಾಪಸು ಕೊಟ್ಟು, ನಿನಗೆ ನಿನ್ನ ಟ್ರೋಫಿ ಸಿಕ್ಕಿತು, ಅವರಿಗೆ ಅವರ ಮರ್ಯಾದೆ ಇರಲಿ, ಇದೊಂದು ಸ್ಪರ್ಧೆ ಮುಗಿಸಿ ತಾವಾಗೇ ಬಿಡುತ್ತಾರೆ ಎಂದು ಅಂಗಲಾಚಿದರು. ಅತ್ತೆ ತನ್ನೆದುರು ಅಂಗಲಾಚಿದ್ದನ್ನು ಸೊಸೆ ಅದೇ ಮೊದಲ ಸಲ ಕಂಡದ್ದು. ಅವಳಿಗೆ ಅದನ್ನು ನೋಡಲಾಗಲಿಲ್ಲ.

ಆದರೂ ಅವಳು ಇಲ್ಲ ಎಂದಳು. ಆ ದೊಡ್ಡ ಸ್ಪರ್ಧೆಗೆ ಬರುವವರೂ ತಮ್ಮ ಹಾಗೇ ವರ್ಷಗಟ್ಟಲೆ ಬೆವರು ಸುರಿಸಿದವರೇ. ಸಣ್ಣ ಕಾರ್ನೆಟ್ಟು ಊದುವವನು ಜೀವ ತೇಯ್ದು ಊದಿದರೂ ಒಂದೇ, ಊದದಿದ್ದರೂ ಒಂದೇ ಎಂದರೆ ಅವನಿಗೆ ಏನು ಉತ್ತರ ಹೇಳುವುದು? ರೈಲ್ವೆ ಬ್ಯಾಂಡಿನವನಿಗೆ ಏನು ಹೇಳುವುದು? ಬೇರೆ ಯಾರೋ ಇದನ್ನು ಕಂಡುಹಿಡಿದು ತುಂಬಿದ ಸಭೆಯಲ್ಲಿ ಮಾವನನ್ನು ನಗೆಪಾಟಲು ಮಾಡುವ ಮೊದಲು ಮನೆಯವರೇ ಹೇಳುವುದು ಮೇಲು ಎಂದೂ ಅಂದಳು.

“ಹೇಳಿದ್ರೆ,” ಎಂದರು ಅತ್ತೆ, ಈಗ ಮತ್ತೆ ಅದೇ ಗಡಸು ದನಿ, ಈ ಸಲ ಅದು ನಿಜವಾದ ಸಿಟ್ಟೇ, “ನಾನು ನಿನ್ ಜೊತೆ ಮಾತಾಡಲ್ಲ. ಇದೇ ಮನೇಲಿ ಇರ್ತೀನಿ. ಬಡಿಸ್ತೀನಿ. ಮಾತಾಡಲ್ಲ.”

“ಆಗ್ಲಿ ಅತ್ತೆ,” ಎಂದಳು ಸೊಸೆ. ಕಣ್ಣೊರೆಸಿಕೊಂಡು ಅಂಗಡಿಗೆ ಹೋದಳು.

ಮಾವನ ಎದುರು ಸ್ಟೂಲು ಎಳೆದು ಕೂತು, ತುಟಿ ಚೆನ್ನಾಗಿ ಕಾಣುವಂತೆ, ಅತ್ತೆಯ ಹಾಗೆ ದನಿ ದಪ್ಪ ಮಾಡಿ ಎಲ್ಲವನ್ನೂ ಹೇಳಿದಳು. ಮುರಿದ ತನ್ನ ಸ್ಪ್ರಿಂಗಿನಿಂದ ಶುರುಮಾಡಿದಳು, ಏಕೆಂದರೆ ಮೊದಲ ತಪ್ಪು ತನ್ನದೇ. ಮಾವ ಮೊದಲು ನಕ್ಕರು. ಆಮೇಲೆ ಮುಖ ಕೆಂಪಾಯಿತು. ಇಪ್ಪತ್ತೈದು ವರ್ಷದ ಕಿವಿಯನ್ನು ನಿನ್ನೆ ಮೊನ್ನೆ ಕೋಲು ಹಿಡಿದವಳು ಪರೀಕ್ಷೆ ಮಾಡುತ್ತಾಳಾ ಎಂದು ಗುಡುಗಿದರು. ಗಿರಣಿಯವರಿಗೆ ಟ್ರೋಫಿ ತಂದುಕೊಟ್ಟ ಕೈಯನ್ನೇ ಕಚ್ಚುತ್ತೀಯಾ ಎಂದರು. ಅವಳು ಏಟು ತಿಂದವಳಂತೆ ಕೂತಿದ್ದಳು, ಎದ್ದು ಹೋಗಲಿಲ್ಲ. ಗುಡುಗಿ ಗುಡುಗಿ ಸುಸ್ತಾದ ಮೇಲೆ ಮಾವ, “ಊದು,” ಎಂದರು. “ನನ್ ಮುಂದೆ ಊದು.”

ಅವಳು ಊದಿದಳು. ಮಾವ ಅವಳ ಬೆರಳುಗಳನ್ನು ನೋಡಿದರು. ಆ ಬೆರಳುಗಳು ಯಾವ ಸ್ವರ ಒತ್ತುತ್ತಿವೆಯೆಂದು ಅವರಿಗೆ ಬಾಯಿಪಾಠ ಗೊತ್ತಿತ್ತು, ಅವರೇ ಬರೆದದ್ದು. ಬಿಗಿದ ತುಟಿ ನೋಡಿದರು, ಉಬ್ಬಿದ ಕತ್ತಿನ ನರ ನೋಡಿದರು. ಒಂಬತ್ತನೇ ಬಾರಿಗೆ ಬರುವಷ್ಟರಲ್ಲಿ ಅವರ ಕೈ ತಾನಾಗಿ ಮೇಲೆದ್ದು, ನಿಲ್ಲಿಸು ಎಂದಿತು.

“ಏನೂ ಇಲ್ವಲ್ಲ ಮಗಾ,” ಎಂದರು. “ಏನೂ ಇಲ್ಲ.”

ಆ ಎತ್ತರದ ಮನುಷ್ಯ ಸ್ಕೋರಿನ ಮೇಲೆ ಬಗ್ಗಿ ಮಗುವಿನಂತೆ ಅತ್ತರು. ಅಳುತ್ತ ಅಳುತ್ತಲೇ ಕೇಳಿದ್ದು ಒಂದೇ. ಮೂರೂವರೆ ವರ್ಷ ಅಂದರೆ ಎಷ್ಟು ಸ್ಪರ್ಧೆ, ಎಷ್ಟು ಬ್ಯಾಂಡು, ಎಷ್ಟು ಜನ ತಲೆ ತಗ್ಗಿಸಿಕೊಂಡು ಮನೆಗೆ ಹೋದರು?  ಸ್ವಲ್ಪ ಹೊತ್ತಾದ ಮೇಲೆ ಅವರು ಮೂಗೊರೆಸಿಕೊಂಡು, ನೆಟ್ಟಗೆ ಕೂತು, ಪೆನ್ನು ಕೊಡು ಎಂದರು. ಚೀಟಿಯಲ್ಲಿ ತಮ್ಮ ಹೊಗಳಿಕೆಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರು: ‘ಈ ಹದಿನಾರು ಬಾರನ್ನು ಯಾರೂ ನುಡಿಸಿರಲಿಲ್ಲ. ನುಡಿಸಿಲ್ಲವೆಂದು ತೀರ್ಪುಗಾರನಿಗೆ ತಿಳಿಯಲಿಲ್ಲ. ಈ ತೀರ್ಪು ತಪ್ಪು.’ ಕೆಳಗೆ ಸಹಿ ಮಾಡಿದರು. ಕನ್ನಡಿಯ ಪತ್ರವನ್ನೂ ತೆಗೆದು ಅದರ ಜೊತೆಗೆ ಮಡಿಚಿದರು.

ಶನಿವಾರ ಸಂಘದ ಕಚೇರಿಗೆ ಮಾವ ಒಬ್ಬರೇ ಹೋಗುತ್ತೇನೆಂದರು. ಟ್ರೋಫಿ ಹೊತ್ತುಕೊಂಡು ಸೊಸೆಯೂ ಹಿಂದೆಯೇ ಹೋದಳು. ಅಲ್ಲಿ ಮಾವ ನಿಂತುಕೊಂಡೇ ಚೀಟಿ ಓದಿ ಹೇಳಿ, ದೊಡ್ಡ ಸ್ಪರ್ಧೆಯ ಪತ್ರವನ್ನೂ ಒಪ್ಪಲಾರೆನೆಂದು ವಾಪಸು ಕೊಟ್ಟರು. ಕೆಲವರು ಮುಖ ಮುಖ ನೋಡಿಕೊಂಡರು, ಒಬ್ಬ ಹಿರಿಯ ಮಾತ್ರ ಎದ್ದು ಬಂದು ಅವರ ಕೈ ಹಿಡಿದುಕೊಂಡ. ಅಲ್ಲಿಗೆ ಕರೆಸಿದ್ದ ರೈಲ್ವೆ ಬ್ಯಾಂಡಿನ ಮೇಷ್ಟ್ರಿಗೆ ಟ್ರೋಫಿ ಕೊಡುವಾಗ ಮಾವ ಅವನ ಹತ್ತಿರ ಕ್ಷಮೆ ಕೇಳಿದರು. ಅವನು ಏನೋ ಹೇಳಿದ. ಅವನದು ದಪ್ಪ ದನಿಯಾದ್ದರಿಂದ ಅದು ಅವರಿಗೆ ಕೇಳಿಸಿತು. ಏನು ಹೇಳಿದನೆಂದು ಮಾವ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಆದರೆ ಬಸ್ಸಿನಲ್ಲಿ ಉದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು.

ಗಿರಣಿ ಯಜಮಾನ ಮಾತಿಗೆ ತಪ್ಪದ ಮನುಷ್ಯ, ಹದಿನೈದೇ ದಿನಕ್ಕೆ ಕೋಣೆಗೆ ಕಾಗದದ ಹೊರೆ ಬಂದು ಬಿತ್ತು. ಬ್ಯಾಂಡಿನ ಇಪ್ಪತ್ತಾರು ಜನರಲ್ಲಿ ಐದು ಮಂದಿ, ಗೆದ್ದದ್ದನ್ನು ಕೈಯಾರೆ ಕೊಟ್ಟು ಬಂದವಳ ಕೋಲಿನ ಕೆಳಗೆ ಊದುವುದಿಲ್ಲವೆಂದು ಬಿಟ್ಟುಹೋದರು. ಉಳಿದ ಇಪ್ಪತ್ತೊಂದು ಜನರನ್ನು ಸೊಸೆ ತನ್ನ ಅಂಗಡಿಯಲ್ಲೇ ತುಂಬಿಸಿಕೊಂಡಳು. ಗೋಡೆಯಲ್ಲಿ ತಗ್ಗು ಬಿದ್ದ ಹಾರ್ನುಗಳು ನೇತಾಡುತ್ತಿದ್ದವು, ಕೆಳಗೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಟ್ರೊಂಬೋನಿನವನು ಕಂಬಿ ಪೂರ್ತಿ ಚಾಚಬೇಕಾದರೆ ಕಿಟಕಿ ತೆರೆಯಬೇಕು, ಬೀದಿಯಲ್ಲಿ ಹೋಗುವವರು ಬಗ್ಗಿ ಹೋಗಬೇಕು. ಮುಂದಿನ ವರ್ಷವೂ ಸ್ಪರ್ಧೆಗೆ ಹೋಗುತ್ತೇವೆ ಎಂದಳು ಅವಳು, ಹೊಸ ಕೃತಿ ಯಾವುದೆಂದು ತಿಳಿಯುವವರೆಗೆ ಅದೇ ಕೃತಿ ಇಟ್ಟುಕೊಂಡು ಇವತ್ತಿಂದಲೇ ಅಭ್ಯಾಸ ಶುರು ಎಂದಳು.

ಮನೆಯಲ್ಲಿ ಅತ್ತೆ ಆಡಿದ್ದನ್ನು ಅಕ್ಷರಶಃ ನಡೆಸುತ್ತಿದ್ದರು. ಬಡಿಸುತ್ತಿದ್ದರು, ಅವಳ ಬಟ್ಟೆ ಒಣಗಿದರೆ ಮಡಿಚಿಡುತ್ತಿದ್ದರು, ಮಾತಿಲ್ಲ. ಒಂದು ದಿನವಾಯಿತು, ಹತ್ತು ದಿನವಾಯಿತು, ನಲವತ್ತು ದಿನವಾಯಿತು. ಸೊಸೆ ಮಾತ್ರ ದಿನಾ ಬೆಳಿಗ್ಗೆ, ಅತ್ತೆ, ಟೀ ಕುಡಿದ್ರಾ ಎಂದು ಕೇಳುವುದನ್ನು ಬಿಡಲಿಲ್ಲ.

ನಲವತ್ತಾರನೇ ದಿನ ಭಾನುವಾರ. ಅಭ್ಯಾಸ ಶುರುವಾಗುವ ಹೊತ್ತಿಗೆ ಮಾವ ಅಟ್ಟದಿಂದ ತಮ್ಮ ಹಳೆಯ ಬಾಸು ಇಳಿಸಿಕೊಂಡು ಬಂದು, ಮಗನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತರು. ಕೆಳಗಿನ ಸ್ವರವೆಲ್ಲ ನನಗೆ ಚೆನ್ನಾಗೇ ಕೇಳಿಸುತ್ತದೆ, ಖಾಲಿ ಜಾಗ ಇದೆಯಲ್ಲ ಎಂದರು. ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಕೂತ್ಕೊಳ್ರಯ್ಯ, ನಿಮ್ಮ ಮೇಷ್ಟ್ರು ಅಲ್ಲಿದ್ದಾರೆ ಎಂದು ಅವರು ಸೊಸೆಯ ಕಡೆ ಕೈ ತೋರಿಸಿದರು. ಅವಳಿಗೆ ಕೋಲು ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅತ್ತೆಯೂ ಬಂದು, ಯಾರನ್ನೂ ನೋಡದೆ, ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಕೂತರು.

ಕೃತಿ ನಡುಭಾಗಕ್ಕೆ ಬಂತು. ಬಾಸುಗಳಿಗೆ ಅಲ್ಲಿ ಬಿಡುವು. ಮಾವ ವಾದ್ಯ ಇಳಿಸಿ ಸೊಸೆಯ ಎಡಗೈಯನ್ನೇ ನೋಡುತ್ತಿದ್ದರು. ಅವಳು ಸೂಜಿಗೆ ಬೇಕಾದ್ದಕ್ಕಿಂತ ದೊಡ್ಡದಾಗಿ, ಬಿಡಿಸಿ ಬಿಡಿಸಿ ಆ ಸಾಲನ್ನು ಗಾಳಿಯಲ್ಲಿ ತೋರಿಸುತ್ತಿದ್ದಳು. ಹದಿನಾರು ಬಾರು ಮುಗಿಯಿತು. ಅವಳು ಕೋಲು ಇಳಿಸಿದಾಗ ಮಾವ ಅವಳನ್ನು ಕೇಳಲಿಲ್ಲ, ಸೂಜಿಯನ್ನೂ ಕೇಳಲಿಲ್ಲ. ಬಾಗಿಲ ಕಡೆ ತಿರುಗಿ ಹೆಂಡತಿಯನ್ನು ಕೇಳಿದರು.

“ಈ ಸಲ ಊದಿದ್ನಾ?”

ಅತ್ತೆ ತಮ್ಮ ದಪ್ಪ ದನಿಯಲ್ಲಿ, ಅವರಿಗೆ ತಲುಪುವಂತೆ ಹೇಳಿದರು. “ಊದಿದ. ನನ್ನಷ್ಟು ಚೆನ್ನಾಗಲ್ಲ.”

ಯಾರೋ ನಕ್ಕರು. ಅತ್ತೆ ನಗಲಿಲ್ಲ. ಎದ್ದು, ಸ್ಟೂಲುಗಳ ನಡುವೆ ದಾರಿ ಮಾಡಿಕೊಂಡು ಮೇಷ್ಟ್ರ ಸ್ಟ್ಯಾಂಡಿನ ಹತ್ತಿರ ಬಂದು, ಅಲ್ಲಿದ್ದ ಪೆನ್ಸಿಲ್ ತೆಗೆದುಕೊಂಡು ಸ್ಕೋರಿನಲ್ಲಿ ಐದನೇ ಬಾರಿನ ಮೇಲೆ ಒಂದು ಗೆರೆ ಎಳೆದರು. ಆಮೇಲೆ ಸೊಸೆಗೆ, ಅವಳಿಗೆ ಮಾತ್ರ ಕೇಳುವಂತೆ, ತಮ್ಮ ಹಳೆಯ ತೆಳ್ಳನೆಯ ದನಿಯಲ್ಲಿ ಹೇಳಿದರು.

“ಇಲ್ಲಿ ಉಸಿರು ತಗೋಬಾರ್ದು ಅಂತ ಹೇಳು ಅವನಿಗೆ. ಎಂಟನೇ ಬಾರ್‌ವರೆಗೂ ಒಂದೇ ಉಸಿರು.”

“ಹೇಳ್ತೀನಿ ಅತ್ತೆ,” ಎಂದಳು ಸೊಸೆ. ಅವಳ ಕಣ್ಣು ತುಂಬಿ ಸ್ಕೋರಿನ ಗೆರೆಗಳೆಲ್ಲ ಒಂದಕ್ಕೊಂದು ಬೆರೆತು ಹೋಗಿದ್ದವು. ಅದು ಒಣಗುವವರೆಗೆ ಕಾಯದೆ ಕೋಲು ಎತ್ತಿ, ನಡುಭಾಗದಿಂದ ಇನ್ನೊಂದು ಸಲ ಎಂದಳು.